ಚಿಗರಿ ಬಸ್ ನಿಮ್ಮ ನಿಲ್ದಾಣದಲ್ಲಿ ನಿಲ್ಲದಿದ್ದರೆ

ಹುಬ್ಬಳ್ಳಿ–ಧಾರವಾಡ ನಡುವೆ ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ ನೀವು ಇಳಿಯಬೇಕಿದ್ದ ನಿಲ್ದಾಣದಲ್ಲಿ ಏಕೆ ನಿಲ್ಲಲಿಲ್ಲ ಎಂದು ಕೇಳಿದ್ದೀರಿ. ನೀವು ಹುಬ್ಬಳ್ಳಿಯಲ್ಲಿ ಹತ್ತಿದ್ದು ಬಹುಶಃ ಎಕ್ಸ್‌ಪ್ರೆಸ್ ಚಿಗರಿ, ಅಂದರೆ ಎಲ್ಲ ನಿಲ್ದಾಣಗಳಲ್ಲಿ ನಿಲ್ಲದ ಬಸ್. ನೀವು ಬಸ್ಸಿನ ಸಂಖ್ಯೆ ಬರೆದಿಲ್ಲವಾದ್ದರಿಂದ ಇದು ಊಹೆ; ಆದರೆ ನಡುವಿನ ನಿಲ್ದಾಣವನ್ನು ದಾಟಿ ನೇರ ಧಾರವಾಡದತ್ತ ಓಡಿತು ಎಂದರೆ ಬೇರೆ ಕಾರಣ ತೋಚುವುದಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಸಿಟಿ ಬಸ್ಸಿನಂತೆ ‘ಇಲ್ಲಿ ಸ್ವಲ್ಪ ನಿಲ್ಲಿಸಿ’ ಎನ್ನಲು ಚಿಗರಿಯಲ್ಲಿ ಕಂಡಕ್ಟರ್ ಇರುವುದಿಲ್ಲ.

ಮುಂದಿನ ಸಲ ರಸ್ತೆಯ ಅಂಚಿನಲ್ಲಿ ಕಾಯಬೇಡಿ, ನಡುರಸ್ತೆಯ ನಿಲ್ದಾಣದೊಳಕ್ಕೆ ಹೋಗಿ. ಟಿಕೆಟ್ ಕೌಂಟರಿನಲ್ಲಿ ಇಳಿಯುವ ನಿಲ್ದಾಣದ ಹೆಸರು ಹೇಳಿ, ಅಲ್ಲಿ ಯಾವ ಸಂಖ್ಯೆಯ ಬಸ್ ನಿಲ್ಲುತ್ತದೆ ಎಂದೂ ಕೇಳಿಕೊಳ್ಳಿ. ಮೊದಲು ಬಂದ ಬಸ್ಸಿಗೇ ನುಗ್ಗದೆ ಹಣೆಪಟ್ಟಿಯ ಸಂಖ್ಯೆ ನೋಡಿ ಹತ್ತಿ. ಬಾಗಿಲು ಬಲಗಡೆ ತೆರೆಯುತ್ತದೆ, ಇಳಿಯುವ ಮುನ್ನ ಆ ಕಡೆಗೆ ಸರಿದಿರಿ. ನಿಲ್ದಾಣದಿಂದ ಹೊರಬೀಳುವ ತನಕ ಟಿಕೆಟ್ ಎಸೆಯಬೇಡಿ.