ಸೋಡಾ ಗ್ಯಾಸಿನ ಕಾರು ಎಷ್ಟು ವೇಗವಾಗಿ ಓಡೀತು?

ಪ್ರಶ್ನೆ: ನಾನು ಮಂಡ್ಯ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಒಂಬತ್ತನೇ ತರಗತಿಯ ಮಕ್ಕಳು ಮರದ ತುಂಡಿನಲ್ಲಿ ಪುಟ್ಟ ಕಾರು ಮಾಡಿದ್ದಾರೆ. ಚಕ್ರಗಳನ್ನು ಚನ್ನಪಟ್ಟಣದಲ್ಲಿ ಆಲೆ ಮರದಿಂದ ಕಡೆಸಿ ತಂದೆವು. ಹಿಂಬದಿಯಲ್ಲಿ ಸೋಡಾ ಸೈಫನ್‌ಗೆ ಹಾಕುವ 8 ಗ್ರಾಂ ಇಂಗಾಲದ ಡೈಆಕ್ಸೈಡ್ ಕಾರ್ಟ್ರಿಜ್ ಇದೆ. ಬಾಯಿ ಚುಚ್ಚಿದರೆ ಗ್ಯಾಸು ಹಿಂದಕ್ಕೆ ನುಗ್ಗಿ ಕಾರು ಮುಂದಕ್ಕೆ ಚಿಮ್ಮುತ್ತದೆ. ಬಿಗಿದು ಕಟ್ಟಿದ ನೈಲಾನ್ ದಾರ ಅದನ್ನು ನೇರವಾಗಿ ಓಡಿಸುತ್ತದೆ. ಕಾರಿನ ಒಟ್ಟು ತೂಕ 90 ಗ್ರಾಂ, ಮುಂಭಾಗ 4 ಸೆಂ.ಮೀ. ಅಗಲ, 5 ಸೆಂ.ಮೀ. ಎತ್ತರ. ಗ್ಯಾಸು ಸೆಕೆಂಡಿಗೆ 340 ಮೀಟರ್ ವೇಗದಲ್ಲಿ ಹೊರಬರುತ್ತದೆ ಎಂದುಕೊಂಡು ಸಂವೇಗ ಸಂರಕ್ಷಣೆಯ ನಿಯಮ ಹಚ್ಚಿದೆವು. ಕಾರಿನ ವೇಗ ಸೆಕೆಂಡಿಗೆ 33 ಮೀಟರ್ ಬಂತು. ಆದರೆ ಶಾಲೆಯ ಜಗಲಿಯಲ್ಲಿ 20 ಮೀಟರ್ ಓಡಲು 1.25 ಸೆಕೆಂಡ್ ಹಿಡಿಯಿತು, ಅಂದರೆ ಸೆಕೆಂಡಿಗೆ 16 ಮೀಟರ್ ಮಾತ್ರ. "ನಿಯಮವೇ ತಪ್ಪಾ ಮಿಸ್?" ಎಂದು ಹುಡುಗಿಯೊಬ್ಬಳು ಕೇಳಿದಳು. ಏನು ಹೇಳಲಿ?

ಉತ್ತರ: ಮೊದಲಿಗೆ ಆ ಹುಡುಗಿಗೆ ನನ್ನ ಅಭಿನಂದನೆ ತಿಳಿಸಿ. ಲೆಕ್ಕಕ್ಕೂ ಓಟಕ್ಕೂ ತಾಳೆಯಾಗದಿದ್ದಾಗ ಹಾಗೆ ಕೇಳುವವರೇ ವಿಜ್ಞಾನಕ್ಕೆ ಬೇಕು. ನಿಯಮ ಸರಿಯಾಗಿಯೇ ಇದೆ. ಅದಕ್ಕೆ ನಾವು ತುಂಬಿದ ಅಂಕಿಗಳನ್ನು ಒಂದೊಂದಾಗಿ ನೋಡೋಣ.

ನಿಮ್ಮ 33 ಮತ್ತು 16 ಒಂದೇ ಜಾತಿಯ ಸಂಖ್ಯೆಗಳಲ್ಲ. ಗ್ಯಾಸೆಲ್ಲ ಖಾಲಿಯಾದ ಮೇಲೆ, ಯಾವ ತಡೆಯೂ ಇಲ್ಲದಿದ್ದರೆ ಕಾರಿಗಿರುವ ವೇಗ 33. ನಿಂತಲ್ಲಿಂದ ಹೊರಟು ಗುರಿ ಮುಟ್ಟುವವರೆಗಿನ ಸರಾಸರಿ 16. ಓಟದುದ್ದಕ್ಕೂ ಒಂದೇ ಸಮನೆ ವೇಗ ಏರಿದ್ದರೆ ಕೊನೆಯ ವೇಗ ಸರಾಸರಿಯ ಎರಡರಷ್ಟು, ಅಂದರೆ 32 ಆಗುತ್ತಿತ್ತು. "ಹಾಗಾದರೆ 33ಕ್ಕೆ ಸರಿಹೋಯಿತಲ್ಲ" ಎಂದು ಇಲ್ಲಿಗೇ ಬಿಡಬೇಡಿ, ಅದು ಕಾಕತಾಳೀಯ. ಗ್ಯಾಸಿನ ನೂಕು ಮೊದಲಲ್ಲಿ ಜೋರಾಗಿದ್ದು ಬೇಗ ಕುಗ್ಗುತ್ತದೆ. ಕಾರು ತನ್ನ ವೇಗದ ಹೆಚ್ಚು ಪಾಲನ್ನು ಮೊದಲ ಕೆಲವು ಮೀಟರುಗಳಲ್ಲೇ ಗಳಿಸಿಬಿಡುತ್ತದೆ. ನಿಮ್ಮ ಅಂಕಿಗಳನ್ನಿಟ್ಟು ನಾನು ಲೆಕ್ಕ ಹಾಕಿದಾಗ ಗುರಿಯ ಬಳಿ ವೇಗ ಸೆಕೆಂಡಿಗೆ 20 ಮೀಟರಿನ ಆಸುಪಾಸಿನಲ್ಲಿ ಬಂತು.

ಇನ್ನು 340. ಅದು ಗಾಳಿಯಲ್ಲಿ ಶಬ್ದದ ವೇಗ. ಇಂಗಾಲದ ಡೈಆಕ್ಸೈಡಿನ ಅಣು ಗಾಳಿಯ ಅಣುವಿಗಿಂತ ಭಾರ, ಹಾಗಾಗಿ ಅದರಲ್ಲಿ ಶಬ್ದದ ವೇಗ ಸುಮಾರು 270 ಮಾತ್ರ. ಆದರೂ 340ರ ಜಾಗದಲ್ಲಿ 270 ಬರೆದರೆ ಸಾಲದು. ಕಿರಿದಾದ ಬಾಯಿಯಿಂದ ಹೊರಬೀಳುವ ಗ್ಯಾಸಿನಲ್ಲಿ ವೇಗದ ಜೊತೆಗೆ ಉಳಿಕೆ ಒತ್ತಡವೂ ಇದ್ದು, ಅದೂ ಕಾರನ್ನು ನೂಕುತ್ತದೆ. ಇನ್ನೊಂದು ಕಡೆ, ಕಾರ್ಟ್ರಿಜ್‌ನೊಳಗೆ ಇರುವುದು ಬಹುಪಾಲು ದ್ರವ. ಅದು ಕುದಿದು ಗ್ಯಾಸಾಗಲು ಬೇಕಾದ ಶಾಖವನ್ನು ತನ್ನಿಂದಲೇ ಹೀರಿಕೊಂಡು ತಣ್ಣಗಾಗುತ್ತ ಹೋಗುತ್ತದೆ. ಓಟದ ಬಳಿಕ ಕಾರ್ಟ್ರಿಜ್ ಮೇಲೆ ಬಿಳಿಯ ಮಂಜಿನ ಪುಡಿ ಕೂತಿರುವುದನ್ನು ಮಕ್ಕಳು ನೋಡಿರುತ್ತಾರೆ. ತಣ್ಣಗಾದಷ್ಟೂ ಒತ್ತಡ ಇಳಿಯುತ್ತದೆ, ಒತ್ತಡ 5.2 ಬಾರ್‌ಗಿಂತ (ವಾತಾವರಣದ ಒತ್ತಡದ ಸುಮಾರು ಐದು ಪಟ್ಟು) ಕೆಳಗೆ ಬಿದ್ದರೆ ಉಳಿದ ದ್ರವ ಒಣ ಮಂಜುಗಡ್ಡೆಯೇ ಆಗಿಬಿಡುತ್ತದೆ. ಇಷ್ಟೆಲ್ಲ ನಡೆಯುವಾಗ ಪುಸ್ತಕದಿಂದ ಎತ್ತಿಕೊಂಡ ಒಂದು ಅಂಕಿಯನ್ನು ನಂಬುವಂತಿಲ್ಲ. ನೂಕನ್ನು ಅಳೆಯಲೇಬೇಕು.

ಅದಕ್ಕೆ ದುಬಾರಿ ಉಪಕರಣ ಬೇಡ, ಸ್ಲೋ ಮೋಷನ್ ಇರುವ ಮೊಬೈಲ್ ಸಾಕು. ನೆಲದ ಮೇಲೆ ಹತ್ತು ಹತ್ತು ಸೆಂಟಿಮೀಟರಿಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಸೆಕೆಂಡಿಗೆ 240 ಫ್ರೇಮ್ ಇಟ್ಟು ಪಕ್ಕದಿಂದ ಚಿತ್ರೀಕರಿಸಿ. ಮೊದಲ ಮೀಟರ್ ದಾಟಲು 48 ಫ್ರೇಮ್ ಹಿಡಿಯಿತು ಎನ್ನೋಣ. ಅಂದರೆ 0.2 ಸೆಕೆಂಡ್, ವೇಗೋತ್ಕರ್ಷ 50. ನಾಲ್ಕು ಚಕ್ರ ಸೇರಿ 8 ಗ್ರಾಂ ಇದ್ದರೆ, ಅವು ಮುಂದೆ ಸಾಗುವುದಲ್ಲದೆ ಸುತ್ತಲೂ ಬೇಕಾದ್ದರಿಂದ ಇನ್ನು 4 ಗ್ರಾಂ ಹೆಚ್ಚಿಗೆ ಲೆಕ್ಕಕ್ಕೆ ಹಿಡಿಯಬೇಕು. 0.094 ಕಿಲೋಗ್ರಾಮನ್ನು 50ರಿಂದ ಗುಣಿಸಿದರೆ 4.7 ನ್ಯೂಟನ್.

ಈಗ 0.02 ಸೆಕೆಂಡಿನ ಪುಟ್ಟ ಹೆಜ್ಜೆಗಳಲ್ಲಿ ಮುಂದೆ ಹೋಗಿ. ಮೊದಲ ಹೆಜ್ಜೆಯ ಕೊನೆಗೆ ವೇಗ 1, ಸಾಗಿದ ದೂರ 1 ಸೆಂ.ಮೀ. ಎರಡನೆಯದರಲ್ಲಿ ವೇಗ 2, ಸಾಗಿದ್ದು ಮತ್ತೆ 3 ಸೆಂ.ಮೀ. ಮೂರನೆಯದರಲ್ಲಿ ಸಾಗುವುದು 5 ಸೆಂ.ಮೀ., ಆಮೇಲೆ 7. ಇಳಿಜಾರಿನಲ್ಲಿ ಗುಂಡು ಉರುಳಿಸಿ ಗೆಲಿಲಿಯೋ ಕಂಡುಕೊಂಡ ಬೆಸಸಂಖ್ಯೆಗಳ ಸಾಲು ಇದೇ. ಮಕ್ಕಳು ವಿಡಿಯೊದಲ್ಲಿ ಐದೈದು ಫ್ರೇಮ್ ಬಿಟ್ಟು ನೋಡಿದರೆ ಈ ಸಾಲು ಕಣ್ಣಿಗೆ ಕಾಣುತ್ತದೆ. ಅದು ಎಲ್ಲಿಂದ ಸೊರಗತೊಡಗುತ್ತದೋ ಅಲ್ಲಿಂದ ಗ್ಯಾಸಿನ ನೂಕು ಕುಗ್ಗುತ್ತಿದೆ ಎಂದರ್ಥ. ಪ್ರತಿ ಹೆಜ್ಜೆಯ ನೂಕನ್ನು ಹೀಗೆ ಬರೆದಿಟ್ಟುಕೊಂಡರೆ ಕಾರ್ಟ್ರಿಜ್‌ನ ಜಾತಕವೇ ನಿಮ್ಮ ಕೈಯಲ್ಲಿರುತ್ತದೆ.

ತಡೆಗಳಲ್ಲಿ ಎರಡು ಬಗೆ. ಅಚ್ಚು ಮತ್ತು ದಾರದ ಘರ್ಷಣೆಯನ್ನು ಅಳೆಯಲು ಒಂದು ಮೀಟರ್ ಉದ್ದದ ಹಲಗೆಗೂ ಹಾಗೇ ದಾರ ಕಟ್ಟಿ, ಕಾರನ್ನಿಟ್ಟು ಒಂದು ತುದಿ ಎತ್ತುತ್ತಾ ಹೋಗಿ. 6 ಸೆಂ.ಮೀ. ಎತ್ತಿದಾಗ ಮೆಲ್ಲಗೆ ಒಂದೇ ವೇಗದಲ್ಲಿ ಉರುಳಿದರೆ ಆ ಘರ್ಷಣೆ 0.05 ನ್ಯೂಟನ್. ಗಾಳಿಯ ತಡೆಗೆ ಪಠ್ಯದಲ್ಲಿರುವ 1.2 ಸಾಂದ್ರತೆ ಹಾಕಬೇಡಿ. ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ. 30 ಡಿಗ್ರಿ ಬಿಸಿಲಿನಲ್ಲಿ ಅಲ್ಲಿನ ಗಾಳಿ ಘನಮೀಟರಿಗೆ 1.07 ಕಿಲೋಗ್ರಾಂ. ನಿಮ್ಮ ಕಾರಿನ ತಡೆ ಗುಣಾಂಕ (ಆಕಾರದಿಂದಾಗಿ ಗಾಳಿ ಎಷ್ಟು ತಡೆಯುತ್ತದೆ ಎಂದು ಹೇಳುವ ಅಂಕಿ) 0.5 ಎಂದುಕೊಂಡರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಗಾಳಿಯ ತಡೆ 0.05 ನ್ಯೂಟನ್, 20 ಮೀಟರಿನಲ್ಲಿ 0.21. ಅಂದರೆ 10 ಮೀಟರಿನವರೆಗೆ ಅಚ್ಚೇ ಹೆಚ್ಚು ಕಾಡುತ್ತದೆ, ಆಮೇಲೆ ಗಾಳಿಯದೇ ಮೇಲುಗೈ.

ನನಗೆ ಮುಖ್ಯವೆನಿಸುವ ಮಾತು ಇಲ್ಲಿದೆ. ಮಕ್ಕಳು ದಿನಗಟ್ಟಲೆ ಉಪ್ಪುಕಾಗದ ಉಜ್ಜಿ ಕಾರಿನ ಮೂತಿಯನ್ನು ನಯ ಮಾಡುತ್ತಾರೆ. ಗಾಳಿಯ ತಡೆಯನ್ನು ಅರ್ಧಕ್ಕೆ ಇಳಿಸಿದರೂ ನಿಮ್ಮ 20 ಮೀಟರ್ ಜಗಲಿಯಲ್ಲಿ ಕೊನೆಯ ವೇಗ ನೂರಕ್ಕೆ ನಾಲ್ಕರಷ್ಟು ಹೆಚ್ಚಬಹುದು. ಅದೇ ಮರವನ್ನು ಒಳಗಿನಿಂದ ಕೊರೆದು 10 ಗ್ರಾಂ ಇಳಿಸಿದರೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಸಿಗುತ್ತದೆ. ಮೂತಿ ಚೂಪು ಮಾಡುವುದಕ್ಕೆ ಮುಂಚೆ ಹೊಟ್ಟೆ ಹಗುರ ಮಾಡಲಿ. ಇಂಥ 80 ಗ್ರಾಮಿನ ಕಾರು ಅದೇ 20 ಮೀಟರನ್ನು 1.15 ಸೆಕೆಂಡಿನ ಆಸುಪಾಸಿನಲ್ಲಿ ಓಡಬೇಕು. ಓಡಿಸುವ ಮುಂಚೆಯೇ ಈ ಅಂಕಿಯನ್ನು ಕಪ್ಪುಹಲಗೆಯ ಮೇಲೆ ಬರೆಸಿ. ಓಟ ಮುಗಿದ ಮೇಲೆ ಬರೆದದ್ದು ಮುನ್ಸೂಚನೆಯಾಗುವುದಿಲ್ಲ.

ಒಂದು ಎಚ್ಚರಿಕೆ. ಕಾರ್ಟ್ರಿಜ್‌ನೊಳಗಿನ ಒತ್ತಡ 20 ಡಿಗ್ರಿಯಲ್ಲಿ ಸುಮಾರು 57 ಬಾರ್, 30 ಡಿಗ್ರಿಯಲ್ಲಿ 72. ಜನವರಿಯ ಬೆಳಗ್ಗೆ ಅಳೆದ ನೂಕು ಏಪ್ರಿಲ್ ಮಧ್ಯಾಹ್ನಕ್ಕೆ ಹೊಂದುವುದಿಲ್ಲ. 31 ಡಿಗ್ರಿ ದಾಟಿದರೆ ದ್ರವ, ಗ್ಯಾಸು ಎಂಬ ಭೇದವೇ ಅಳಿಸಿಹೋಗಿ ಒತ್ತಡ ಸರಸರನೆ ಏರುತ್ತದೆ. ಆದ್ದರಿಂದ ಕಾರ್ಟ್ರಿಜ್‌ಗಳನ್ನು ನೆರಳಿನಲ್ಲೇ ಇಡಿ, ಬಿಸಿಲಲ್ಲಿ ನಿಂತ ವಾಹನದೊಳಗಂತೂ ಬೇಡವೇ ಬೇಡ. ಬಿಗಿಯಾಗಿ ಕೂರಿಸದ ಕಾರ್ಟ್ರಿಜ್ ಚುಚ್ಚಬೇಡಿ. ಗುರಿಯ ಆಚೆ ಹಳೆಯ ಹಾಸಿಗೆಯೊಂದನ್ನು ಒರಗಿಸಿ, ಮಕ್ಕಳು ಪಕ್ಕದಲ್ಲಿ ಕಣ್ಣಿಗೆ ಕನ್ನಡಕ ಹಾಕಿಕೊಂಡು ನಿಲ್ಲಲಿ.

ಪ್ರಶ್ನೆ: ಮೈಸೂರಿನ ಎಂಜಿನಿಯರಿಂಗ್ ವಿದ್ಯಾರ್ಥಿ ನಾನು. ನನ್ನ ರಿಮೋಟ್ ಕಾರಿಗೆ ನೈಟ್ರೋ ಎಂಜಿನ್ ಇದೆ. ನಿಮಿಷಕ್ಕೆ 30,000 ಸುತ್ತು, ಗೇರ್ ಅನುಪಾತ 8, ಟೈರಿನ ವ್ಯಾಸ 10 ಸೆಂ.ಮೀ. ಗರಿಷ್ಠ ವೇಗ ಎಷ್ಟು?

ಉತ್ತರ: ಎಂಜಿನ್ ಎಂಟು ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು, ಹಾಗಾಗಿ ಚಕ್ರ ನಿಮಿಷಕ್ಕೆ 3,750 ಸುತ್ತು, ಸೆಕೆಂಡಿಗೆ 62.5. ಒಂದು ಸುತ್ತಿಗೆ 31.4 ಸೆಂ.ಮೀ. ಸಾಗಿದರೆ ಸೆಕೆಂಡಿಗೆ 19.6 ಮೀಟರ್, ಗಂಟೆಗೆ ಸುಮಾರು 71 ಕಿ.ಮೀ. ಗೇರು ಬಿಟ್ಟುಕೊಡುವ ಮಿತಿ ಇದು. ಎಂಜಿನ್ನಿನ ಶಕ್ತಿ ಆ ಮಿತಿಗೆ ಸಾಕೇ ಎಂಬುದನ್ನು ಬೇರೆಯಾಗಿ ನೋಡಬೇಕು: ವೇಗ ಎರಡು ಪಟ್ಟಾದರೆ ಗಾಳಿಯನ್ನು ಸೀಳಲು ಎಂಟು ಪಟ್ಟು ಶಕ್ತಿ ಬೇಕು. ನೇರ ಓಟದ ಕೊನೆಯಲ್ಲಿ ಎಂಜಿನ್ನಿನ ಸದ್ದು ಏರಿ ಒಂದೇ ಸ್ಥಾಯಿಯಲ್ಲಿ ನಿಂತರೆ ಗೇರ್ ಅನುಪಾತ ತುಸು ಇಳಿಸಿ ನೋಡಿ. ಹಾಗೆ ಇಳಿಸಿದ ಮೇಲೆ ಸದ್ದು ಮೊದಲಿನಷ್ಟು ಏರದೆ ಮುಗ್ಗರಿಸಿದರೆ ಶಕ್ತಿ ಮುಗಿಯಿತು ಎಂದು ತಿಳಿಯಿರಿ. ಮೆತ್ತನೆಯ ರಬ್ಬರ್ ಟೈರಾದರೆ ಇನ್ನೊಂದು ಸಂಗತಿ ಗಮನಿಸಿ. ಇಷ್ಟು ವೇಗವಾಗಿ ತಿರುಗುವಾಗ ಅದು ಹಿಗ್ಗುತ್ತದೆ, ಸ್ಕೇಲಿನಲ್ಲಿ ಅಳೆದ 10 ಸೆಂ.ಮೀ. ಓಟದಲ್ಲಿ ಹಾಗೇ ಉಳಿಯುವುದಿಲ್ಲ. ಅದನ್ನೂ ವಿಡಿಯೊದಿಂದಲೇ ಅಳೆದು ಲೆಕ್ಕ ತಿದ್ದಿಕೊಳ್ಳಿ.