ಕೆಂಪು ಬಣ್ಣ ಬಳಿದವರು ನಾವೇ

ಅರಸೀಕೆರೆ ಕಡೆಯ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯಲ್ಲಿ ಭೂಮಿಯ ಒಳಪದರಗಳ ಚಿತ್ರದ ಕೆಳಗೆ ‘ಕುದಿಯುವ ಲಾವಾ ಕಡಲಿನ ಮೇಲೆ ತೆಪ್ಪಗಳಂತೆ ತೇಲುವ ಭೂಫಲಕಗಳು’ ಎಂದಿತ್ತು. ಚಿತ್ರವನ್ನು ತರಗತಿಯ ಗೋಡೆಗೆ ಅಂಟಿಸಿದೆ. ಒಬ್ಬ ಹುಡುಗ ಎದ್ದು, ‘ಭೂಕಂಪದ ಎಸ್ ಅಲೆಗಳು ದ್ರವದಲ್ಲಿ ಸಾಗುವುದಿಲ್ಲ ಎಂದಿರಿ. ಕೆಳಗೆಲ್ಲ ಲಾವಾ ಇದ್ದರೆ ಅವು ಮ್ಯಾಂಟಲ್ (ಭೂಕವಚಕ್ಕೂ ಕೇಂದ್ರಗೋಳಕ್ಕೂ ನಡುವಿನ ದಪ್ಪ ಪದರ) ದಾಟುವುದು ಹೇಗೆ?’ ಎಂದ. ಏನು ಹೇಳಲಿ?”

ಮೇಡಂ, ಹುಡುಗ ಹೇಳಿದ್ದೇ ಸರಿ. ಆ ಅಡಿಬರಹ ನನ್ನದು. ಮ್ಯಾಂಟಲಿಗೆ ಕೆಂಪು ಬಳಿಯಿರಿ ಎಂದು ಕಲಾವಿದರ ಬೆನ್ನು ಬಿದ್ದವನೂ ನಾನೇ.

ಹಗ್ಗದ ಒಂದು ತುದಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿದರೆ ಅಲೆ ಓಡುತ್ತದಲ್ಲ, ಎಸ್ ಅಲೆ ಆ ಜಾತಿಯದು. ಅಡ್ಡಕ್ಕೆ ಎಳೆದರೆ ಮತ್ತೆ ತನ್ನ ಜಾಗಕ್ಕೆ ಮರಳುವ ಬಿಗಿ ಕಲ್ಲಿಗುಂಟು, ನೀರಿಗಿಲ್ಲ. 1897ರ ಅಸ್ಸಾಂ ಭೂಕಂಪದ ದಾಖಲೆಗಳಲ್ಲಿ ಈ ಅಲೆಯನ್ನು, ಅದಕ್ಕಿಂತ ಮೊದಲೇ ಬಂದು ತಲುಪುವ ಪಿ ಅಲೆಯಿಂದ ಬೇರ್ಪಡಿಸಿ ತೋರಿಸಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದಲ್ಲಿದ್ದ ರಿಚರ್ಡ್ ಓಲ್ಡಮ್. ಎಸ್ ಅಲೆ ಸುಮಾರು 2,900 ಕಿ.ಮೀ. ಆಳದವರೆಗೆ ನಿರಾತಂಕವಾಗಿ ಇಳಿಯುತ್ತದೆ, ಅಂದರೆ ಇಡೀ ಮ್ಯಾಂಟಲನ್ನು ಹಾಯುತ್ತದೆ. ಅದು ನಿಲ್ಲುವುದು ಹೊರ ಕೇಂದ್ರಗೋಳದ ಕರಗಿದ ಕಬ್ಬಿಣದ ಮುಂದೆ. ಅದರೊಳಗೆ ಇನ್ನೊಂದು ಗೋಳವಿದೆ ಎಂದು 1936ರಲ್ಲಿ ಕಂಡುಕೊಂಡವರು ಡೆನ್ಮಾರ್ಕಿನ ಭೂಕಂಪ ವಿಜ್ಞಾನಿ ಇಂಗೆ ಲೆಹ್ಮನ್. ಅದು ಮತ್ತೆ ಘನ.

ಹಾಗಾದರೆ ಗಟ್ಟಿ ಕಲ್ಲಿನ ಮೇಲೆ ಫಲಕ ಸರಿಯುವುದು ಹೇಗೆ? ಕುಲುಮೆಯ ಮುಂದೆ ಒಂದು ಗಳಿಗೆ ನಿಂತು ನೋಡಿ. ಕೆಂಪಗೆ ಕಾಯ್ದ ಗುಳ ತೊಟ್ಟಿಕ್ಕುವುದಿಲ್ಲ, ಇಕ್ಕಳದಲ್ಲಿ ಎತ್ತಿದರೆ ಸೆಟೆದೇ ನಿಲ್ಲುತ್ತದೆ. ಆದರೂ ಸುತ್ತಿಗೆಯ ಪೆಟ್ಟಿಗೆ ಬಾಗುತ್ತದೆ, ಹರಡುತ್ತದೆ. ಸುಮಾರು 1,300 ಡಿಗ್ರಿ ಕಾವಿನ ಮ್ಯಾಂಟಲ್ ಶಿಲೆಯದೂ ಅದೇ ಸ್ವಭಾವ, ವೇಗ ಮಾತ್ರ ವರ್ಷಕ್ಕೆ ಕೆಲವು ಸೆಂಟಿಮೀಟರ್. ಕ್ಷಣದಲ್ಲಿ ಬಂದುಹೋಗುವ ಭೂಕಂಪದ ಅಲೆಗೆ ಅದು ಬರೀ ಕಲ್ಲು. ಲಕ್ಷಾಂತರ ವರ್ಷ ಒತ್ತುತ್ತಲೇ ಇದ್ದರೆ ನಾದಿದ ಹಿಟ್ಟು.

ಅಡಿಬರಹದಲ್ಲಿ ‘ತೆಪ್ಪ’ವೂ ಸರಿಯಲ್ಲ. ಪ್ರವಾಹ ಕೊಂಡೊಯ್ದತ್ತ ಹೋಗುವುದು ತೆಪ್ಪ. ಫಲಕವೆಂದರೆ ಭೂಕವಚ ಮತ್ತು ಅದಕ್ಕೆ ಅಂಟಿದ ಮ್ಯಾಂಟಲಿನ ಮೇಲ್ಭಾಗ ಸೇರಿ ಸುಮಾರು ನೂರು ಕಿ.ಮೀ. ದಪ್ಪದ ಹಾಸು. ಸಾಗರದ ಫಲಕ ಹಳತಾದಂತೆ ತಣಿಯುತ್ತದೆ, ಕೆಳಗಿನ ಶಿಲೆಗಿಂತ ಭಾರವಾಗುತ್ತದೆ, ಅಂಚಿನಲ್ಲಿ ಮುಳುಗತೊಡಗುತ್ತದೆ. ಮಂಚದಿಂದ ಜಾರುವ ಕಂಬಳಿ ನೆನಪಿಸಿಕೊಳ್ಳಿ: ಜೋತುಬಿದ್ದ ತುದಿಯ ಭಾರಕ್ಕೆ ಉಳಿದದ್ದೂ ಹಿಂದೆಯೇ ಬರುತ್ತದೆ. ಪೆಸಿಫಿಕ್ ಫಲಕದಂತೆ ಮುಳುಗುವ ಅಂಚು ಉದ್ದವಾಗಿರುವವು ಹೆಚ್ಚು ವೇಗವಾಗಿ ಸರಿಯುವುದು ಇದರಿಂದಲೇ. ಬೋಸಿಯಲ್ಲಿ ಕುದಿಯುವ ನೀರಿನಂತೆ ಮ್ಯಾಂಟಲ್ ಮೇಲೆ ಕೆಳಗೆ ಸುತ್ತಿ ಫಲಕಗಳನ್ನು ಹೊತ್ತೊಯ್ಯುತ್ತದೆ ಎಂಬ ಹೋಲಿಕೆ ಪೂರ್ತಿ ಸುಳ್ಳಲ್ಲ, ಆದರೆ ಎಳೆತದ ಈ ಪಾಲನ್ನು ಅದು ಮುಚ್ಚಿಬಿಡುತ್ತದೆ.

‘ಜ್ವಾಲಾಮುಖಿಯ ಲಾವಾ ಎಲ್ಲಿಂದ?’ ಎಂದು ಹುಡುಗ ಕೇಳದೆ ಬಿಡುವುದಿಲ್ಲ. ಶಿಲೆಯನ್ನು ಕರಗದಂತೆ ಹಿಡಿದಿಟ್ಟಿರುವುದು ಮೇಲಿನ ಒತ್ತಡ. ಅರಬ್ಬಿ ಸಮುದ್ರದ ತಳದಲ್ಲಿ ಕಾರ್ಲ್ಸ್‌ಬರ್ಗ್ ಏಣು ಎಂಬ ಬೆಟ್ಟಸಾಲಿನ ಉದ್ದಕ್ಕೂ ಭಾರತ ಮತ್ತು ಸೊಮಾಲಿ ಫಲಕಗಳು ಬೇರೆಯಾಗುತ್ತಿವೆ. ಆ ಬಿರುಕಿನತ್ತ ಏರುವ ಬಿಸಿಶಿಲೆಯ ಮೇಲಿನ ಒತ್ತಡ ಇಳಿದಾಗ, ಕಾವು ಹೆಚ್ಚದೆಯೂ ಅದರ ಒಂದಂಶ ಕರಗಿ ಶಿಲಾಪಾಕವಾಗುತ್ತದೆ. ಫಲಕ ಮುಳುಗುವ ಕಡೆ ಇನ್ನೊಂದು ಬಗೆ: ಜೊತೆಯಲ್ಲಿ ಇಳಿದ ನೀರು ಶಿಲೆಯ ಕರಗುವ ಬಿಂದುವನ್ನೇ ತಗ್ಗಿಸುತ್ತದೆ. ಎರಡು ಕಡೆಯೂ ಲಾವಾ ಅಲ್ಲಲ್ಲೇ ಹುಟ್ಟುವುದು. ಕೆಳಗೆ ಕಡಲೇನೂ ಕಾದು ಕುಳಿತಿಲ್ಲ.

ಗೋಡೆಯ ಚಿತ್ರವನ್ನು ತೆಗೆಯಬೇಡಿ. ಅಡಿಬರಹವನ್ನು ಆ ಹುಡುಗನ ಕೈಯಲ್ಲೇ ಹೊಡೆದುಹಾಕಿಸಿ. ಬಣ್ಣದ ಪೆನ್ಸಿಲ್ ಇದ್ದರೆ ಮ್ಯಾಂಟಲಿನ ಮೇಲ್ಭಾಗಕ್ಕೆ ಹಸಿರು ತುಂಬಿಸಿ: ಜ್ವಾಲಾಮುಖಿಗಳು ಹೊತ್ತು ತಂದು ತಣಿದ ಮ್ಯಾಂಟಲಿನ ತುಣುಕುಗಳಲ್ಲಿ ಆಲಿವಿನ್ ಖನಿಜವೇ ಹೆಚ್ಚು, ಅದರ ಬಣ್ಣ ಎಳೆ ಹಸಿರು.

— ಸಂಪಾದಕ