ಗಾಡಿ ಕಟ್ಟೆ: ಅಪ್ಪನ ಕಂಪನಿಯಾ, ಆಫರಿನ ಕಂಪನಿಯಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪಿಕಪ್ ಬಗ್ಗೆಯೇ ಇವೆ. ಕಾರಿನವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ಸಲ ನಿಮ್ಮ ಪಾಳಿ.

ಪ್ರಶ್ನೆ: ನಮ್ಮದು ತಿಕೋಟಾ ಹತ್ತಿರ ದ್ರಾಕ್ಷಿ ತೋಟ. ಒಣದ್ರಾಕ್ಷಿ ತಾಸಗಾಂವಕ್ಕೆ ಹೋಗುತ್ತದೆ. 2008ರಿಂದ ಮನೆಯಲ್ಲಿ ಮಹೀಂದ್ರಾ ಪಿಕಪ್ಪೇ, ಒಂದು ಮಾರಿದರೆ ಮತ್ತೆ ಅದೇ. ಈಗ ಹೊಸದು ತಗೊಳ್ಳಬೇಕು. ಅಶೋಕ್ ಲೇಲ್ಯಾಂಡ್ ದೋಸ್ತ್ ಅಥವಾ ಟಾಟಾ ಇಂಟ್ರಾ ನೋಡೋಣ ಅಂತ ನನ್ನ ಮನಸ್ಸು. ಬೇರೆ ಕಂಪನಿ ಶೋರೂಮಿನವರು 50 ಸಾವಿರ ಬಿಡುತ್ತೇವೆ ಅಂದಿದ್ದಾರೆ. ಅಪ್ಪ ಮಾತ್ರ "ನಮ್ಮ ಮನಿ ಮುಂದ ಬ್ಯಾರೆ ಕಂಪನಿ ಗಾಡಿ ನಿಂತಿಲ್ಲ, ನಿಲ್ಲೂದೂ ಇಲ್ಲ" ಅಂತ ಕೂತಿದ್ದಾರೆ. ಏನು ಮಾಡಲಿ?

ಉತ್ತರ: ತಮ್ಮಾ, ಮೊದಲು ಅಪ್ಪನ ಪರವಾಗಿ ಎರಡು ಮಾತು. ಅವರದು ಬರೀ ಹಟ ಅಂತ ತಿಳಿಯಬೇಡ. ಮಾರ್ಚ್ ತಿಂಗಳಲ್ಲಿ ಮಾಲು ತುಂಬಿಕೊಂಡು ಹೋಗುವಾಗ ರಾತ್ರಿ ಹತ್ತಕ್ಕೆ ಜತ್ತ ಹತ್ತಿರ ಗಾಡಿ ನಿಂತಿತು ಅಂದುಕೊ. ಬೊಲೆರೊ ಪಿಕಪ್ ಆದರೆ ಅದನ್ನು ನೂರು ಸಲ ಬಿಚ್ಚಿ ಜೋಡಿಸಿದ ಮೆಕ್ಯಾನಿಕ್ ಅಲ್ಲೇ ಸುತ್ತಮುತ್ತ ಎಲ್ಲೋ ಮಲಗಿರುತ್ತಾನೆ. ಅಪ್ಪನಿಗೆ ಕಂಪನಿ ಮೇಲಿನ ಪ್ರೀತಿ ಅಂತ ನೀನು ಅಂದುಕೊಂಡಿರುವುದು ಅರ್ಧಕ್ಕರ್ಧ ಆ ಮೆಕ್ಯಾನಿಕ್ ಮೇಲಿನ ನಂಬಿಕೆ.

ಆದರೆ ಅಪ್ಪ ನಂಬಿರುವುದು 2008ರ ಗಾಡಿಯನ್ನು. ನೀನು ತಗೊಳ್ಳುವುದು ಆ ಗಾಡಿ ಅಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್-6 ಅನ್ನುವ ಹೊಗೆ ನಿಯಮ ಬಂತಲ್ಲ, ಆಮೇಲೆ ಎಲ್ಲಾ ಕಂಪನಿಯ ಡೀಸೆಲ್ ಗಾಡಿಗಳ ಹೊಟ್ಟೆಯೊಳಗೆ ಬೇರೆಯೇ ಸಂಸಾರ. ಸೆನ್ಸರ್‌ಗಳು ಹೆಚ್ಚಾಗಿವೆ, ಹೆಚ್ಚಿನವಕ್ಕೆ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ದಿನಾ ತೋಟದಿಂದ ಊರಿಗೆ ನಾಲ್ಕೈದು ಕಿಲೋಮೀಟರ್ ಮಾತ್ರ ಓಡಿಸಿ ನಿಲ್ಲಿಸಿದರೆ ಆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಮೀಟರಿನಲ್ಲಿ ದೀಪ ಹತ್ತುತ್ತದೆ. ಅದಕ್ಕೆ ಸುತ್ತಿಗೆ, ಪಾನಾ ಸಾಲುವುದಿಲ್ಲ, ಸ್ಕ್ಯಾನರ್ ಬೇಕು. ಜತ್ತದ ಆ ಮೆಕ್ಯಾನಿಕ್ ಹತ್ತಿರ ಸ್ಕ್ಯಾನರ್ ಇದೆಯಾ ಅಂತ ಕೇಳಿದ್ದೀರಾ? ಟಾಟಾ ಏಸ್ ಕಥೆಯೂ ಹಾಗೇ. 2005ರಲ್ಲಿ ಬಂದಾಗ ಎರಡು ಸಿಲಿಂಡರಿನ ಸಣ್ಣ ಡೀಸೆಲ್ ಎಂಜಿನ್, ಮುಕ್ಕಾಲು ಟನ್ ಭಾರ, ಚೋಟಾ ಹಾಥಿ ಅಂತ ಹೆಸರಾಯಿತು. ಇವತ್ತು ಅದೇ ಹೆಸರಿನಲ್ಲಿ ಪೆಟ್ರೋಲ್, ಸಿಎನ್‌ಜಿ, ಕರೆಂಟಿನ ಗಾಡಿಗಳೂ ಸಿಗುತ್ತವೆ. ಆನೆ ಅದೇ ಅಂತಾರೆ, ಹೊಟ್ಟೆ ಬೇರೆ. ಹಳೇ ಗಾಡಿ ಗಳಿಸಿದ ಹೆಸರನ್ನು ಹೊಸ ಗಾಡಿ ಕೂತು ತಿನ್ನುತ್ತಿರುತ್ತದೆ. ಕೆಟ್ಟ ಹೆಸರೂ ಹಾಗೇ, ಗಾಡಿ ಸುಧಾರಿಸಿದ ಮೇಲೂ ನಾಲ್ಕೈದು ವರ್ಷ ಬೆನ್ನು ಬಿಡುವುದಿಲ್ಲ.

ನನ್ನದೇ ಒಂದು ಕಥೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಾನೂ ನಿನ್ನ ಹಾಗೆ ಆಫರ್ ನೋಡಿ ಒಂದು ಪಿಕಪ್ ತಗೊಂಡೆ. ಯಾವ ಕಂಪನಿ ಅಂತ ಹೇಳುವುದಿಲ್ಲ. ಗಾಡಿ ಚೆನ್ನಾಗಿಯೇ ಇತ್ತು, ಮೆತ್ತಗೆ ಓಡುತ್ತಿತ್ತು. ಸೀಜನ್ ನಡುವೆ ಒಂದು ಸೆನ್ಸರ್ ಹೋಯಿತು, ಬೆರಳಿನಷ್ಟು ದಪ್ಪದ್ದು. "ಆರ್ಡರ್ ಹಾಕೇವ್ರೀ, ನಾಳೆ ಬರ್ತೈತಿ" ಅಂದರು. ಆ ನಾಳೆ 17 ದಿನಕ್ಕೆ ಬಂತು. ಅಷ್ಟೂ ದಿನ ಬಾಡಿಗೆ ಗಾಡಿಗೆ ಕೊಟ್ಟ ದುಡ್ಡು ಲೆಕ್ಕ ಹಾಕಿದರೆ ಆಫರ್ ಅಲ್ಲೇ ಮುಗಿದಿತ್ತು, ಮೇಲೆ ಮನೆಯಲ್ಲಿ ಮಾತು ಬೇರೆ.

ಅದಕ್ಕೇ ಶೋರೂಮಿಗೆ ಹೋಗುವ ಮೊದಲು ಬಿಡಿಭಾಗದ ಅಂಗಡಿಗೆ ಹೋಗು. ಕ್ಲಚ್ ಪ್ಲೇಟ್, ಫಿಲ್ಟರ್, ಮುಂದಿನ ಗಾಜು, ಈ ಮೂರೂ ದೋಸ್ತ್‌ಗೆ ಎಷ್ಟು, ಇಂಟ್ರಾಗೆ ಎಷ್ಟು, ಬೊಲೆರೊಗೆ ಎಷ್ಟು ಕೇಳು. ರೇಟಿಗಿಂತ ಅವನು ಹಿಂದೆ ತಿರುಗಿ ಡಬ್ಬಿ ತೆಗೆಯುತ್ತಾನಾ, ಫೋನ್ ತೆಗೆಯುತ್ತಾನಾ ಅದನ್ನು ನೋಡು. ಆಮೇಲೆ ಬೆಳಗ್ಗೆ ಆರಕ್ಕೆ ವಿಜಯಪುರ ಎಪಿಎಂಸಿಗೆ ಹೋಗಿ ಡ್ರೈವರ್‌ಗಳ ಜೊತೆ ಚಹಾ ಕುಡಿ. ಮಾಲೀಕರನ್ನು ಕೇಳಬೇಡ. ದುಡ್ಡು ಹಾಕಿದ ಮಾಲೀಕ ತನ್ನ ಗಾಡಿಯನ್ನು ಬಯ್ಯುವುದಿಲ್ಲ, ತಾನು ಮೋಸ ಹೋದೆ ಅಂತ ಯಾರು ಒಪ್ಪಿಕೊಳ್ಳುತ್ತಾರೆ? ಡ್ರೈವರ್‌ಗೆ ಆ ಮುಲಾಜು ಇಲ್ಲ, ಅವನ ಸೊಂಟವೇ ಹೇಳುತ್ತದೆ.

ಇನ್ನು 50 ಸಾವಿರದ ಲೆಕ್ಕ. ಸರಕು ಗಾಡಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಅದನ್ನೇ ತನ್ನ ದೊಡ್ಡ ಮನಸ್ಸು ಅಂತ ತೋರಿಸುವ ಸೇಲ್ಸ್‌ಮನ್ ಇದ್ದಾನೆ, ಹುಷಾರು. ತೆರಿಗೆ ಇಳಿದ ಮೇಲಿನ ರೇಟಿನಲ್ಲಿ 50 ಸಾವಿರ ಬಿಡುತ್ತಾನಾ ಅಂತ ಬರೆಸಿಕೊ. ನಂತರ ಹಳೇ ಗಾಡಿ ಮಾರುವವರ ಹತ್ತಿರ ಹೋಗಿ ಐದು ವರ್ಷದ ಎರಡೂ ಕಂಪನಿ ಗಾಡಿ ಎಷ್ಟಕ್ಕೆ ಹೋಗುತ್ತವೆ ವಿಚಾರಿಸು. ವ್ಯತ್ಯಾಸ 80 ಸಾವಿರ ಇದ್ದರೆ ಈ ಆಫರ್ ನಿನಗೆ 30 ಸಾವಿರ ನಷ್ಟ. ವ್ಯತ್ಯಾಸ 30 ಸಾವಿರ ಇದ್ದರೆ 20 ಸಾವಿರ ಲಾಭ. ಹೆಸರಿಗೆ ಕೊಡುವ ದುಡ್ಡು ಮಾರುವಾಗ ವಾಪಸ್ ಬರುವುದಾದರೆ ಅದು ಖರ್ಚಲ್ಲ, ಅಲ್ವಾ? ಫೈನಾನ್ಸ್‌ನವರಿಗೂ ಇದು ಗೊತ್ತು, ಬೇಗ ಮಾರಿ ಹೋಗುವ ಗಾಡಿಗೆ ಅವರು ಸಾಲವನ್ನೂ ಜಾಸ್ತಿ ಕೊಡುತ್ತಾರೆ.

ಭಾರದ ವಿಷಯ ಬೇಗ ಹೇಳಿಬಿಡುತ್ತೇನೆ. ಬೊಲೆರೊ ಪಿಕಪ್‌ನಲ್ಲಿ 1.3 ಟನ್‌ನಿಂದ ಶುರುವಾಗಿ ಮ್ಯಾಕ್ಸ್‌ನಲ್ಲಿ 2 ಟನ್‌ವರೆಗೆ ಇವೆ, ದೋಸ್ತ್‌ನಲ್ಲೂ ಒಂದಕ್ಕಿಂತ ಹೆಚ್ಚು ನಮೂನೆ. ಕಂಪನಿ ಜಗಳ ಆಡುತ್ತಾ ನಮೂನೆ ತಪ್ಪಿಸಬೇಡಿ. ದೀಡ (ಒಂದೂವರೆ) ಟನ್ನಿನ ಗಾಡಿ ಅಂದರೆ 20 ಕಿಲೋ ಕ್ರೇಟು 75, ಅದೂ ಖಾಲಿ ಕ್ರೇಟಿನ ತೂಕ ಬಿಟ್ಟು. ಅದಕ್ಕಿಂತ ಜಾಸ್ತಿ ಹೇರಿ ಸಿಕ್ಕಿಬಿದ್ದರೆ ಕಾನೂನಿನಲ್ಲಿ ದಂಡ 20 ಸಾವಿರದಿಂದ ಶುರು, ಮೇಲೆ ಟನ್ನಿಗೆ 2 ಸಾವಿರ.

ಇಷ್ಟೆಲ್ಲಾ ಮಾಡಿದ ಮೇಲೂ ಮಹೀಂದ್ರಾನೇ ಅಂತ ಆದರೆ ಒಂದು ಕೆಲಸ ಮಾಡು. ಅಪ್ಪನನ್ನು ಶೋರೂಮಿಗೆ ಮೊದಲು ಕರೆದುಕೊಂಡು ಹೋಗಬೇಡ. ಅವರು ಒಳಗೆ ಕಾಲಿಡುತ್ತಲೇ "ನಮ್ದು ಮೊದ್ಲಿಂದ ಇದ ಗಾಡಿ" ಅಂತಾರೆ, ಸೇಲ್ಸ್‌ಮನ್ ಪೆನ್ನಿನ ಕ್ಯಾಪ್ ಮುಚ್ಚುತ್ತಾನೆ. ಎಲ್ಲಿಗೂ ಹೋಗದ ಗಿರಾಕಿಗೆ ಯಾರು ಬಿಡುತ್ತಾರೆ? ನೀನು ಒಬ್ಬನೇ ಹೋಗು, ಬೇರೆ ಕಂಪನಿಯ ಕೊಟೇಶನ್ ಮೇಜಿನ ಮೇಲಿಡು, ಹಳೇ ಗಿರಾಕಿಗೆ ಲಾಯಲ್ಟಿ ಬೋನಸ್ ಎಷ್ಟು ಅಂತ ಕೇಳು. ಪೂಜೆ ದಿನ ಅಪ್ಪ ಬರಲಿ, ಕೀಲಿ ಅವರೇ ಇಸಿದುಕೊಳ್ಳಲಿ.

ಪ್ರಶ್ನೆ: ಬಾಗಲಕೋಟೆ ನವನಗರದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿಸಿ ಹುಬ್ಬಳ್ಳಿವರೆಗೆ ಕಳಿಸುತ್ತೇನೆ. ಸ್ವಂತ ಸಣ್ಣ ಗಾಡಿ ಬೇಕು. ಎಲ್ಲರೂ ಟಾಟಾ ಏಸ್ ಅಂತಾರೆ. ಮಾರುತಿ ಸೂಪರ್ ಕ್ಯಾರಿ ನನಗೆ ಹಿಡಿಸಿತು, ಆದರೆ ಪರಿಚಯದ ಮೆಕ್ಯಾನಿಕ್ "ಅದು ಕಾರಿನ ಕಂಪನಿ ಅಕ್ಕಾ, ಲೋಡಿಗೆ ಅಲ್ಲ" ಅಂದ. ನಿಜವಾ?

ಉತ್ತರ: ಅಕ್ಕಾರೆ, ಮೆಕ್ಯಾನಿಕ್ ಮಾತು ಕೇಳಬೇಕು, ಆದರೆ ಅವನು ಯಾವ ಗಾಡಿ ಬಿಚ್ಚುತ್ತಾನೆ ಅಂತ ನೋಡಿ ಕೇಳಬೇಕು. ತನ್ನ ಕೈ ಪಳಗಿದ ಗಾಡಿಯನ್ನೇ ಅವನು ಹೊಗಳುತ್ತಾನೆ, ಅದು ಮೋಸ ಅಲ್ಲ, ಅಭ್ಯಾಸ. ಸೂಪರ್ ಕ್ಯಾರಿ ಬಂದಿದ್ದು 2016ರಲ್ಲಿ, ಏಸ್‌ಗಿಂತ ಹನ್ನೊಂದು ವರ್ಷ ತಡ. ಹಾಗಾಗಿ ಲೋಡಿನವರಲ್ಲಿ ಅದಕ್ಕೆ ಅಷ್ಟು ಹೆಸರಿಲ್ಲ. ಆದರೆ "ಕಾರಿನ ಕಂಪನಿ" ಅನ್ನುವುದು ನಿಮಗೆ ಒಳ್ಳೆಯದೇ. ಅದರಲ್ಲಿರುವುದು 1.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, ಮಾರುತಿ ಕಾರಿನ ಎಂಜಿನ್ ಬಲ್ಲ ಕೈಗಳು ನಮ್ಮ ಊರುಗಳಲ್ಲಿ ಕಡಿಮೆ ಇಲ್ಲ. ಸಿಮೆಂಟ್ ಹೇರುವವರಿಗೆ ನಾನು ಬೇರೆ ಮಾತು ಹೇಳುತ್ತಿದ್ದೆ. ರೊಟ್ಟಿ ಹಗುರ, ಜಾಗ ಮಾತ್ರ ಜಾಸ್ತಿ ತಿನ್ನುತ್ತದೆ, ಹಾಗಾಗಿ ನೀವು ನೋಡಬೇಕಾದ್ದು ಗಾಡಿಯ ಹಿಂದೆ ಮಾಲು ಇಡುವ ಡಬ್ಬಿಯ ಅಳತೆ.

ಮತ್ತೊಂದು. ಲೋಡಿನ ಗಾಡಿ ಭಾರ ಇಲ್ಲದೆ ಓಡಿದರೆ ಹಿಂದಿನ ಸ್ಪ್ರಿಂಗ್ ಪಾಟಾ ಬಗ್ಗುವುದಿಲ್ಲ, ಗಾಡಿ ಕುಣಿಯುತ್ತದೆ. ಟೆಸ್ಟ್ ಡ್ರೈವ್‌ಗೆ ಹೋಗುವಾಗ ಎರಡು ಕಟ್ಟು ಖಡಕ್ ರೊಟ್ಟಿ ತಗೊಂಡು ಹೋಗಿ. ಹಿಂದೆ ಇಟ್ಟು, ಹಂಪ್ ಇರುವ ರಸ್ತೆಯಲ್ಲಿ ಎರಡೂ ಗಾಡಿ ಒಂದೇ ವೇಗದಲ್ಲಿ ಓಡಿಸಿ, ವಾಪಸ್ ಬಂದು ಕಟ್ಟು ಬಿಚ್ಚಿ ಎಷ್ಟು ಮುರಿದಿವೆ ಎಣಿಸಿ. ಸೇಲ್ಸ್‌ಮನ್ ನಕ್ಕರೆ ನಗಲಿ. ಮುರಿದ ರೊಟ್ಟಿ ಅವನಿಗೇ ಕೊಟ್ಟು ಬನ್ನಿ, ಚಟ್ನಿ ಸಮೇತ.

ಪ್ರಶ್ನೆ: ಜಮಖಂಡಿ. ಗೆಳೆಯನ ಹೊಸ ಪಿಕಪ್ ಎಂಟೇ ತಿಂಗಳಿಗೆ ಎಂಜಿನ್ ಕೆಲಸಕ್ಕೆ ಬಂತು, ವಾರಂಟಿಯೂ ಸಿಗಲಿಲ್ಲ. ಈಗ ಇಡೀ ಮಾರ್ಕೆಟ್ಟಿನಲ್ಲಿ ಆ ಕಂಪನಿ ಹೆಸರು ಕೆಟ್ಟಿದೆ. ನಾನು ಅದೇ ಬುಕ್ ಮಾಡಿದ್ದೇನೆ. ಕ್ಯಾನ್ಸಲ್ ಮಾಡಲಾ?

ಉತ್ತರ: ಇಡೀ ಮಾರ್ಕೆಟ್ಟಿನಲ್ಲಿ ಎಷ್ಟು ಗಾಡಿ ಕೆಟ್ಟಿವೆ? ಎಣಿಸಿ ನೋಡಿ. ಕಟ್ಟೆಯ ಮೇಲೆ ಹತ್ತು ಜನ ಹೇಳುವ ಹತ್ತು ಕಥೆ ಕೆದಕುತ್ತಾ ಹೋದರೆ ಕೊನೆಗೆ ನಿಮ್ಮ ಗೆಳೆಯನ ಒಂದೇ ಗಾಡಿ ಉಳಿಯಬಹುದು. ಹಾಗಲ್ಲದೆ ಅದೇ ಮಾಡೆಲ್, ಅದೇ ವರ್ಷದ ಮೂರು ನಾಲ್ಕು ಗಾಡಿಗೆ ಅದೇ ರೋಗ ಬಂದಿದ್ದರೆ ಮಾತ್ರ ನಾನೂ ಹಿಂದೆ ಸರಿಯುತ್ತಿದ್ದೆ.

ವಾರಂಟಿ ಯಾಕೆ ಸಿಗಲಿಲ್ಲ ಅನ್ನುವುದನ್ನೂ ಕೇಳಿ. ಬಾಯಿ ಮಾತು ಬೇಡ, ಶೋರೂಮಿನವರು ಕೊಟ್ಟ ಚೀಟಿ ನೋಡಿ. ಮೊದಲ ಸರ್ವಿಸ್ ತಪ್ಪಿಸಿದ್ದನಾ, ಆಯಿಲ್ ಹೊರಗೆ ಹಾಕಿಸಿದ್ದನಾ, ಹೆಚ್ಚು ಭಾರಕ್ಕೆ ಅಂತ ಇನ್ನೊಂದು ಪಾಟಾ ಕೂಡಿಸಿದ್ದನಾ? ನಮ್ಮ ಕಡೆ ಹೊಸ ಗಾಡಿ ಬಂದ ವಾರದಲ್ಲೇ ಪಾಟಾ ಏರಿಸುವವರಿದ್ದಾರೆ, ಗೆಳೆಯ ಅಂತ ನೀವು ಇದನ್ನು ಕೇಳಲಿಕ್ಕೆ ಹಿಂಜರಿಯುತ್ತೀರಿ, ಗೊತ್ತು. ಇದ್ಯಾವುದೂ ಇಲ್ಲದೆ ಶೋರೂಮಿನವರು ಸುಮ್ನೆ ಕೈ ಎತ್ತಿದ್ದರೆ ತಪ್ಪು ಆ ಶೋರೂಮಿನದೂ ಇರಬಹುದು. ಅದೇ ಕಂಪನಿಯ ಗಾಡಿ ಬೇರೆ ಊರಿನ ಶೋರೂಮಿನಲ್ಲಿ ತಗೊಳ್ಳಬಹುದಲ್ಲ.

ಪ್ರಶ್ನೆ: ಬೆಳಗಾವಿಯಿಂದ ಚೋರ್ಲಾ ಘಾಟಿನ ಮೇಲೆ ಗೋವಾಕ್ಕೆ ತರಕಾರಿ ಕಳಿಸುತ್ತೇವೆ. ಅಮೆರಿಕದಿಂದ ಬಂದ ಅಳಿಯ "ಅಲ್ಲಿ ಫೋರ್ಡ್ ಮನೆತನದವರು ಷೆವರ್ಲೆ ಮುಟ್ಟಲ್ಲ" ಅಂದ. ಹೌದಾ? ಟೊಯೊಟಾ ಹೈಲಕ್ಸ್‌ಗೆ ಜಗತ್ತೆಲ್ಲ ಹೆಸರಿದೆ, ಅದನ್ನೇ ತಗೊಳ್ಳಲಾ?

ಉತ್ತರ: ಅಳಿಯ ಹೇಳಿದ್ದು ಹೌದು. ಫೋರ್ಡಿನ ಎಫ್ ಸರಣಿ 1977ರಿಂದ ಅಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್. ಅಪ್ಪ ಫೋರ್ಡ್ ಅಂದರೆ ಮಗನೂ ಫೋರ್ಡ್, ತಿಕೋಟಾದ ನಮ್ಮ ಹಿರಿಯರ ಹಾಗೇ. ಆದರೆ ಅವರು ಬಡಿದಾಡುವ ಎರಡೂ ಹೆಸರು ನಮ್ಮಲ್ಲಿ ಏನಾದವು? ಷೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರಲ್ಲಿ ಇಲ್ಲಿ ಕಾರು ಮಾಡುವುದು ನಿಲ್ಲಿಸುತ್ತೇವೆ ಅಂತ ಹೇಳಿತು. ಅಲ್ಲಿಯ ಹೆಸರು ಇಲ್ಲಿ ಬಿಡಿಭಾಗ ತಂದುಕೊಡುವುದಿಲ್ಲ.

ಹೈಲಕ್ಸ್ ಗಟ್ಟಿ, ಸುಳ್ಳಲ್ಲ. 1987ರಲ್ಲಿ ಚಾಡ್ ಮತ್ತು ಲಿಬಿಯಾ ನಡುವೆ ನಡೆದ ಕಾಳಗಕ್ಕೆ ಟೊಯೊಟಾ ಯುದ್ಧ ಅಂತಲೇ ಹೆಸರು ಬಿತ್ತು, ಚಾಡ್ ಸೈನಿಕರು ಆ ಕಂಪನಿಯ ಪಿಕಪ್ ಮೇಲೆ ಮರಳುಗಾಡು ಸುತ್ತಿ ಗೆದ್ದರು ಅಂತ. ನೀವು ಹೋಗುವುದು ಯುದ್ಧಕ್ಕಲ್ಲ, ಕೊತ್ತಂಬರಿ ತಗೊಂಡು. ಹೈಲಕ್ಸ್ 2022ರಲ್ಲಿ ಇಲ್ಲಿಗೆ ಬಂತು, ಬೆಲೆ 30 ಲಕ್ಷದ ಆಸುಪಾಸು, ಐದು ಜನ ಕೂರುವ ಕ್ಯಾಬಿನ್, ಹಿಂದೆ ಚಿಕ್ಕ ಡಬ್ಬಿ. ಆ ದುಡ್ಡಿಗೆ ಸುಮಾರು ಮೂರು ಬೊಲೆರೊ ಪಿಕಪ್ ಬರುತ್ತವೆ. ಮದುವೆ ಸೀಜನ್‌ನಲ್ಲಿ ಮೆರೆಯಲು ಬೇಕಾದರೆ ತಗೊಳ್ಳಿ, ನಾನೂ ಒಂದು ರೌಂಡ್ ಬರುತ್ತೇನೆ.

ಪ್ರಶ್ನೆ: ಇಂಡಿಯಲ್ಲಿ ಲಿಂಬೆ ವ್ಯಾಪಾರ. ಸೊಲ್ಲಾಪುರದಲ್ಲಿ ಎಂಎಚ್-13 ಪಾಸಿಂಗ್ ಹಳೇ ಪಿಕಪ್ ಕಡಿಮೆಗೆ ಸಿಗುತ್ತಿದೆ. "ಈ ಕಂಪನಿ ಗಾಡಿ ಕಣ್ಣು ಮುಚ್ಚಿ ತಗೋರಿ" ಅಂತಾನೆ ಏಜೆಂಟ್.

ಉತ್ತರ: ಕಣ್ಣು ಮುಚ್ಚಿ ಅಂದವನ ಹತ್ತಿರ ಟಾರ್ಚ್ ಹಿಡಿದುಕೊಂಡೇ ಹೋಗಬೇಕು. ಹಳೇ ಗಾಡಿಯಲ್ಲಿ ಕಂಪನಿಗಿಂತ ಮೊದಲಿನ ಮಾಲೀಕ ಏನು ಹೇರುತ್ತಿದ್ದ ಅನ್ನುವುದು ದೊಡ್ಡದು. ಒಂದು ಸ್ಕ್ರೂಡ್ರೈವರ್ ತಗೊಂಡು ಡಬ್ಬಿಯ ಮೂಲೆ, ತಗಡಿನ ಜೋಡಣೆ ಕೆರೆದು ನೋಡಿ. ಬಣ್ಣ ಎಷ್ಟೇ ಹೊಸದಿರಲಿ, ಉಸುಕು ಹೊಡೆದ ಗಾಡಿಯ ಸಂದಿಯಿಂದ ಉಸುಕು ಉದುರುತ್ತದೆ. ಆಮೇಲೆ ಕೆಳಗೆ ಮಲಗಿ ಕ್ಯಾಬಿನ್ ಹಿಂದಿನ ಚಾಸಿ ಮೇಲೆ ಬೆರಳು ಆಡಿಸಿ. ವೆಲ್ಡಿಂಗ್ ಗಂಟು ಸಿಕ್ಕರೆ ಎದ್ದು ಬಟ್ಟೆ ಜಾಡಿಸಿಕೊಂಡು ಮನೆಗೆ ಬನ್ನಿ. ಹೊಸ ಸೀಟ್ ಕವರ್ ನೋಡಿ ಮರುಳಾಗಬೇಡಿ.

ಗಾಡಿ ಸರಿ ಇದ್ದರೆ ಕಾಗದ. ಸಾಲ ತೀರಿದ್ದಕ್ಕೆ ಫೈನಾನ್ಸ್‌ನವರ ಪತ್ರ, ಸೊಲ್ಲಾಪುರ ಆರ್‌ಟಿಓದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ), ಇಲ್ಲಿಯ ತೆರಿಗೆ ಕಟ್ಟಿ ವಿಜಯಪುರದ ಕೆಎ-28 ನಂಬರ್, ಇಷ್ಟೂ ಖರ್ಚು ಕೂಡಿಸಿ ನೋಡಿ, ಇಲ್ಲೇ ಸಿಗುವ ಗಾಡಿಗಿಂತ ಕಡಿಮೆ ಆಗುತ್ತದಾ ಅಂತ. ಎಂಟು ವರ್ಷ ದಾಟಿದ ಗಾಡಿ ಆದರೆ ಫಿಟ್‌ನೆಸ್ ವರ್ಷ ವರ್ಷ ಮಾಡಿಸಬೇಕು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಪೂಜೆಗೆ ಗಾಲಿ ಕೆಳಗೆ ಲಿಂಬೆಹಣ್ಣು ಇಡುವುದನ್ನು ಇಂಡಿಯವರಿಗೆ ನಾನು ಹೇಳಿಕೊಡಬೇಕಾ? ಎನ್‌ಒಸಿ ಕೈಗೆ ಬರುವವರೆಗೆ ಮಾತ್ರ ಒಂದೂ ಇಡಬೇಡಿ.